ಅವತ್ತು ಬೆಳಗ್ಗೆ ಲಾಂಚ್ ಇತ್ತು: ನಮ್ಮನೆಯದೇ ಒಂದು ಪ್ರಕರಣ

ಟಿಸಿಎಚ್, ಅಂದ್ರೆ ಮೇಷ್ಟ್ರ ತರಬೇತಿ ಕೋರ್ಸು, ಓದ್ತಿದ್ದಾಗ ಪ್ರಕರಣ ಅಧ್ಯಯನ ಅಂತ ಒಂದು ರೆಕಾರ್ಡ್ ಬರೀಬೇಕಿತ್ತು. ಒಂದು ಮಗುನ ಆರಿಸ್ಕೊಂಡು ಅದರ ಮನೆ ಹಿನ್ನೆಲೆ ಏನು, ತೊಂದರೆ ಏನು, ನಾವೇನು ಮಾಡಿದ್ವಿ, ಏನಾಯ್ತು ಅಂತ. ನಾನು ಸೀನಿಯರ್ ಒಬ್ರ ಹಳೇ ರೆಕಾರ್ಡ್ ತಂದು ಹಾಗೇ ಇಳಿಸಿ, ಹುಡುಗನ ಹೆಸರೊಂದು ಬದಲಾಯ್ಸಿ ಸಹಿ ಹಾಕಿಸ್ಕೊಂಡಿದ್ದೆ, ಸುಳ್ಳು ಯಾಕೆ ಹೇಳ್ಲಿ. ಈಗ ಸರ್ಕಾರಿ ಶಾಲೇಲಿ ಇಷ್ಟು ವರ್ಷ ಮೇಷ್ಟ್ರಾಗಿದ್ದು ಒಂದು ನಿಜವಾದ್ದು ಬರೀತಿದೀನಿ, ಅದೂ ನಮ್ಮನೇದು. ಮಗು ನನ್ನ ಚಿಕ್ಕಮ್ಮನ ಮೊಮ್ಮಗಳು, ಅಂದ್ರೆ ತಂಗಿ ಮಗಳು, 11 ವರ್ಷ, ಬೆಂಗಳೂರಲ್ಲಿ ಆರನೇ ಕ್ಲಾಸು. ತಂಗಿನೂ ಬರಿ ಅಂದ್ಲು, ಮಗುನೂ ಬರಿ ಅಂತು, "ಹೆಸರು ಮಾತ್ರ ಹಾಕ್ಬೇಡ ಮಾವ, ಕ್ಲಾಸಲ್ಲಿ ಯಾರಾದ್ರೂ ಓದಿದ್ರೆ ಅಷ್ಟೇ ಕಥೆ" ಅಂತ ಕಂಡೀಷನ್. ಹಾಗಾಗಿ ಪುಟ್ಟಿ ಅಂತೀನಿ.

ಇನ್ನಿಬ್ರು ಮುಖ್ಯ. ನನ್ನ ಅವ್ವ, 73, ಪುಟ್ಟಿಗೆ ದೊಡ್ಡಜ್ಜಿ. ಅವ್ವನ ತಂಗಿ, ನನ್ನ ಚಿಕ್ಕಿ, 70, ಪುಟ್ಟಿಯ ಸ್ವಂತ ಅಜ್ಜಿ. ಇವರಿಬ್ರೂ 1988ರಿಂದ ಮಾತಾಡಿರ್ಲಿಲ್ಲ. 37 ವರ್ಷ. ಮದುವೆ ಮನೇಲಿ ಎದುರಾದ್ರೆ ಒಬ್ರು ಊಟದ ಪಂಕ್ತಿ ಬದಲಾಯಿಸ್ತಿದ್ರು.

ನಮ್ಮೂರು ಸಾಗರ ತಾಲೂಕು ಕರೂರು ಹೋಬಳಿ, ತುಮರಿಯಿಂದ ಇನ್ನೂ ಒಳಗೆ. ಮೊದ್ಲಿದ್ದ ಊರು ಇದಲ್ಲ, ಅದು ನೀರಲ್ಲಿದೆ. 1964ರಲ್ಲಿ ಲಿಂಗನಮಕ್ಕಿ ಡ್ಯಾಮ್ ಆಯ್ತು, ಶರಾವತಿ ಹಿನ್ನೀರು ಸಾಗರ ಹೊಸನಗರ ಎರಡೂ ತಾಲೂಕಿನ ನೂರಕ್ಕಿಂತ ಜಾಸ್ತಿ ಹಳ್ಳಿ ಒಳಗೆ ತಗೊಳ್ತು, ಅವ್ವಂಗೆ ಆಗ 12, ಚಿಕ್ಕಿಗೆ 9. ಅದಕ್ಕೂ ಮುಂಚೆ ಮಡೆನೂರಿನ ಹತ್ರ ಹಿರೇಭಾಸ್ಕರ ಡ್ಯಾಮ್ ಅಂತ ಒಂದಿತ್ತು, ರಾಜರ ಕಾಲದ್ದು, ಅದನ್ನೂ ಈ ನೀರೇ ನುಂಗಿ ಈಗ ಬೇಸಿಗೇಲಿ ನೀರು ಇಳಿದ್ರೆ ಕಾಣುತ್ತೆ, ಜನ ಸೆಲ್ಫಿ ತೆಗೆಯೋಕೆ ಹೋಗ್ತಾರೆ. ಡ್ಯಾಮ್ ಮೇಲೆ ಡ್ಯಾಮ್ ಮುಳುಗಿರೋ ಜಾಗದಲ್ಲಿ ನಮ್ಮ ಮನೆ ಯಾವ ಲೆಕ್ಕ. ಅಜ್ಜ ಗೇಣಿ ರೈತ. ಉಳುವವನಿಗೆ ಭೂಮಿ ಅಂತ ಕಾಗೋಡು ಸತ್ಯಾಗ್ರಹ ಆಗಿದ್ದು 1951ರಲ್ಲಿ, ಆದ್ರೆ ಮುಳುಗಡೆ ಬಂದಾಗ್ಲೂ ಅಜ್ಜನ ಕೈಲಿ ಕಾಗದ ಇರ್ಲಿಲ್ಲ, ಹಾಗಾಗಿ ಪರಿಹಾರ ಅಂತ ಬಂದಿದ್ದು ಹೇಳ್ಕೊಳ್ಳೋ ಹಾಗಿಲ್ಲ. ದೂರದ ಕಡೆ ಹೋದವರ ಎಷ್ಟೋ ಮನೆಗೆ ಇವತ್ತಿಗೂ ಹಕ್ಕುಪತ್ರ ಇಲ್ಲ. ನಮ್ಮೋರು ದೂರ ಹೋಗ್ಲಿಲ್ಲ, ನೀರು ಎಲ್ಲಿ ನಿಲ್ತೋ ಅದರ ಮೇಲಿನ ಗುಡ್ಡ ಹತ್ತಿ ಕೂತ್ರು. ಕೂತ್ಮೇಲೆ ಗೊತ್ತಾಗಿದ್ದು, ಮೂರು ಕಡೆ ನೀರು ಇನ್ನೊಂದು ಕಡೆ ಕಾಡು ಅಂತ. ಸಾಗರಕ್ಕೆ ಹೋಗ್ಬೇಕು ಅಂದ್ರೆ ಕಳಸವಳ್ಳಿಯಿಂದ ಲಾಂಚ್, ಅಂದ್ರೆ ಜನ ದಾಟಿಸೋ ದೊಡ್ಡ ದೋಣಿ, ಹತ್ತಿ ಆಚೆ ಅಂಬಾರಗೋಡ್ಲಲ್ಲಿ ಇಳೀಬೇಕು, ಸಂಜೆ ಆದ್ರೆ ಲಾಂಚ್ ನಿಲ್ತಿತ್ತು. ಆಮೇಲೆ ಯಾರಿಗಾದ್ರೂ ಹಾವು ಕಡಿದ್ರೂ, ಹೆರಿಗೆ ನೋವು ಬಂದ್ರೂ, ಸಾವಾದ್ರೂ, ಒಂದೋ ಕಾಡು ಸುತ್ತಿ ಹೋಗ್ಬೇಕು ಇಲ್ಲ ಬೆಳಗಾಗೋದು ಕಾಯ್ಬೇಕು. ಈ "ಲಾಂಚ್ ಇರ್ಲಿಲ್ಲ" ಅನ್ನೋ ಮಾತು ನಮ್ ಕಡೆ ಎಷ್ಟು ಸವೆದಿದೆ ಅಂದ್ರೆ ಸ್ಕೂಲಿಗೆ ತಡವಾಗಿ ಬಂದ ಹುಡುಗ್ರಿಂದ ಹಿಡಿದು ಸಾಲ ತೀರಿಸ್ದೆ ಇರೋರವರೆಗೆ ಎಲ್ಲರಿಗೂ ಅದೇ ಉತ್ತರ, ಯಾರೂ ಮರುಪ್ರಶ್ನೆ ಕೇಳಲ್ಲ.

2025ರ ಜುಲೈ 14ಕ್ಕೆ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ಓಪನ್ ಆಯ್ತು. 2.44 ಕಿಲೋಮೀಟರು. ಅಕ್ಟೋಬರ್ 3ಕ್ಕೆ ತಂಗಿ ಪುಟ್ಟಿನ ಕರ್ಕೊಂಡು ಕಾರಲ್ಲಿ ಬಂದ್ಲು, ಭೂಮಿ ಹುಣ್ಣಿಮೆಗೆ. ಚಿಕ್ಕಿನೂ ಬೆಂಗಳೂರಿಂದ ಜೊತೇಲೇ ಹೊರಟಿದ್ಲು, ಆದ್ರೆ ಸಾಗರದಲ್ಲಿ ನೆಂಟರ ಮನೇಲಿ ಇಳ್ಕೊಂಡ್ಲು, ಮೊಣಕಾಲು ನೋವು ಅಂತ. ಮೊಣಕಾಲು ನೋವಿಗೂ ಸೇತುವೆಗೂ ಏನು ಸಂಬಂಧ ಅಂತ ಪುಟ್ಟಿ ಕೇಳಿದ್ದಕ್ಕೆ ತಂಗಿ ಕಿಟಕಿ ಗ್ಲಾಸ್ ಇಳ್ಸಿ "ನೋಡು ಹಕ್ಕಿ" ಅಂದ್ಲಂತೆ.

ನಾನು ಆಗ ಗಣತಿ ಡ್ಯೂಟೀಲಿದ್ದೆ. ಸೆಪ್ಟೆಂಬರ್ 22ರಿಂದ ಶುರುವಾದ ಜಾತಿ ಸಮೀಕ್ಷೆ, ಮೊಬೈಲ್ ಆ್ಯಪಲ್ಲಿ ಒಂದೊಂದು ಮನೇದು ತುಂಬಬೇಕು, ಒಟಿಪಿ ಬರಲ್ಲ, ನೆಟ್‌ವರ್ಕ್ ಹುಡುಕ್ಕೊಂಡು ಗುಡ್ಡ ಹತ್ತೋದು. ಇದನ್ನ ಯಾಕೆ ಹೇಳ್ತಿದೀನಿ ಅಂದ್ರೆ ಮೊದಲ ಎರಡು ದಿನ ಮನೇಲಿ ನಡೆದಿದ್ದು ನಾನು ಕಣ್ಣಾರೆ ನೋಡಿದ್ದಲ್ಲ, ಅವ್ವ ಮತ್ತೆ ಪುಟ್ಟಿ ಇಬ್ರೂ ಹೇಳಿದ್ದನ್ನ ಸೇರಿಸಿ ಬರೀತಿದೀನಿ.

ಪೇಪರಿನ ಅಂಚು

ನಾವು ದೀವರು, ಮಲೆನಾಡಿನ ಒಂದು ಸಮುದಾಯ. ನಮ್ಮ ಹೆಂಗಸರ ಚಿತ್ತಾರ ಈಗ ಬೆಂಗಳೂರಿನ ಎಕ್ಸಿಬಿಷನ್‌ನಲ್ಲೂ ಕಾಣುತ್ತೆ, ಫ್ರೇಮ್ ಹಾಕಿ ಮಾರ್ತಾರೆ. ಆದ್ರೆ ಅದರ ಜಾಗ ಮನೆ ಗೋಡೆ. ಕೆಮ್ಮಣ್ಣು ಬಳಿದ ಗೋಡೆ ಮೇಲೆ ಅಕ್ಕಿ ನೆನೆಸಿ ಅರೆದ ಬಿಳಿ, ಅಕ್ಕಿನೇ ಕರಕಲಾಗೋವರೆಗೆ ಹುರಿದು ನೆನೆಸಿ ಅರೆದ ಕಪ್ಪು, ಗುರಿಗೆ ಕಾಯಿಂದ ಹಳದಿ. ಬ್ರಶ್ ಅಂದ್ರೆ ಪುಂಡಿ ನಾರು, ತುದಿ ಜಜ್ಜಿದ್ದು. ಮದುವೆಗೆ ಹಸೆಗೋಡೆ ಮೇಲೆ, ಭೂಮಿ ಹುಣ್ಣಿಮೆಗೆ ಬುಟ್ಟಿ ಮೇಲೆ. ಬುಟ್ಟಿ ಎರಡು, ದೊಡ್ಡದು ಭೂಮಣ್ಣಿ ಬುಟ್ಟಿ, ಚಿಕ್ಕದು ಅಚ್ಚಂಬಲಿ ಬುಟ್ಟಿ. ಗದ್ದೇಲಿ ಭತ್ತ ಹೊಡೆ ತುಂಬೋ ಹೊತ್ತದು, ಅಂದ್ರೆ ಭೂಮಿ ಬಸುರಿ, ಅವಳ ಬಯಕೆ ತೀರಿಸೋ ಹಬ್ಬ. ಹೆಂಗಸರು ಇಡೀ ರಾತ್ರಿ ಅಡುಗೆ ಮಾಡಿ ಬುಟ್ಟಿಗೆ ತುಂಬ್ತಾರೆ, ಬೆಳಕು ಹರಿಯೋ ಮುಂಚೆ ಗಂಡಸರು ಗದ್ದೆಗೆ ಹೊತ್ಕೊಂಡು ಹೋಗ್ತಾರೆ.

ಪುಟ್ಟಿ ಒಳಗೆ ಬಂದೋಳೇ ಗೋಡೆ ನೋಡಿ ನಿಂತ್ಕೊಂಡ್ಲಂತೆ. "ಇದು ನಮ್ಮಜ್ಜಿ ಪೇಪರ್ ಮೇಲೆ ಬರೆಯೋದು!"

ಇದು ಯಾರಿಗೂ ಗೊತ್ತಿರ್ಲಿಲ್ಲ. ಚಿಕ್ಕಿ ಬೆಂಗಳೂರಲ್ಲಿ ಫೋನಲ್ಲಿ ಮಾತಾಡ್ತಾ ಕೂತಾಗ ಕೈಲಿ ಪೆನ್ನಿದ್ರೆ ಪೇಪರಿನ ಬಿಳಿ ಅಂಚಲ್ಲಿ ಗೆರೆ ಎಳೀತಾ ಇರ್ತಾಳೆ, ಒಂದ್ರ ಪಕ್ಕ ಒಂದು ಐದು ಗೆರೆ, ಅಡ್ಡ ಬಂದು ಒಂದರ ಕೆಳಗೊಂದು ನುಸುಳಿ ಹೋಗೋದು. ಪುಟ್ಟಿ ಅದನ್ನ ಅಜ್ಜಿಗೆ ಬೋರಾದಾಗ ಮಾಡೋ ಕೆಲಸ ಅಂದ್ಕೊಂಡಿದ್ಲು. ತವರಿನ ಹೆಸರು ಎತ್ತಿದ್ರೆ ಟಿವಿ ಸೌಂಡ್ ಜಾಸ್ತಿ ಮಾಡೋ ಹೆಂಗಸು ತವರಿನ ಗೋಡೆನ ದಿನಾ ಪೇಪರ್ ಅಂಚಲ್ಲಿ ಎಳೀತಿದ್ಲು, ರದ್ದಿಗೆ ಹೋಗ್ತಿತ್ತು.

ಅವ್ವ ಏನೂ ಅನ್ಲಿಲ್ಲ. "ಬಾ, ಬುಟ್ಟಿ ಬರೆಯೋಣ" ಅಂದು ಒಳಗಿಂದ ಭೂಮಣ್ಣಿ ಬುಟ್ಟಿ ತಂದ್ಲು.

ಆ ಬುಟ್ಟಿ ಬೆತ್ತದ್ದು, ಅದಕ್ಕೇ ಉಳ್ಕೊಂಡಿದೆ. ಮುಳುಗಡೆ ಊರು ಬಿಡೋ ದಿನ ನಮ್ಮ ಅಜ್ಜಿ, ಅಂದ್ರೆ ಅವ್ವ ಚಿಕ್ಕಿಯರ ತಾಯಿ, ಅದ್ರಲ್ಲಿ ಬೀಜದ ಭತ್ತ ತುಂಬಿ ತಲೆ ಮೇಲೆ ಹೊತ್ಕೊಂಡು ಗುಡ್ಡ ಹತ್ತಿದ್ದಂತೆ. ಪ್ರತಿ ವರ್ಷ ಹಳೇ ಬಣ್ಣದಲ್ಲಿ ಸಡಿಲ ಆಗಿದ್ದನ್ನಷ್ಟೇ ಕೆರೆದು, ಉಳಿದದ್ದರ ಮೇಲೇ ಸಗಣಿ, ಅದರ ಮೇಲೆ ಕೆಮ್ಮಣ್ಣು ಬಳಿದು ಹೊಸದಾಗಿ ಬರೀತಾರೆ ನಮ್ಮನೇಲಿ. ಪುಟ್ಟಿ ಅದನ್ನ ಎತ್ತೋಕೆ ಹೋಗಿ ಹೊಸ್ತಿಲಿಗೆ ತಾಗಿಸಿದ್ಲು, ಐದು ರೂಪಾಯಿ ನಾಣ್ಯದಷ್ಟಗಲ ಒಂದು ಚಕ್ಕೆ ಎದ್ದು ಬಂತು. ಆ ಚಕ್ಕೆನ ಆಮೇಲೆ ನಾನೂ ನೋಡಿದೀನಿ. ಅಡ್ಡಲಾಗಿ ಹಿಡಿದ್ರೆ ಪದರ ಪದರ, ಕೆಂಪು, ಸಗಣಿಯ ಹಸಿರುಗಂದು, ಮತ್ತೆ ಕೆಂಪು, ನಡುನಡುವೆ ಕೂದಲೆಳೆ ಹಾಗೆ ಬಿಳಿ. ಉಗುರಲ್ಲಿ ಎಣಿಸೋಕೆ ಹೋದ್ರೆ ಹದಿನಾಲ್ಕೋ ಹದಿನೈದೋ ಆದ್ಮೇಲೆ ಲೆಕ್ಕ ತಪ್ಪುತ್ತೆ. ನಮ್ಮಜ್ಜಿ ಬರೆದ ಗೆರೆನೂ ಅದ್ರಲ್ಲಿ ಎಲ್ಲೋ ಇರ್ಬೇಕು.

ಪುಟ್ಟಿ ಅದನ್ನ ಜಾಮಿಟ್ರಿ ಬಾಕ್ಸಲ್ಲಿ ಬಚ್ಚಿಟ್ಲು. ಸಂಜೆವರೆಗೂ ಹೊಟ್ಟೆನೋವು ಅಂತ ಸರಿಯಾಗಿ ತಿಂದಿಲ್ಲ. ರಾತ್ರಿ ಅವ್ವನ ಪಕ್ಕ ಮಲಗಿದ್ದಾಗ ಅತ್ಕೊಂಡು ಹೇಳಿಬಿಟ್ಲು, ದೊಡ್ಡಜ್ಜಿ ನಾನು ಬುಟ್ಟಿ ಹಾಳ್ಮಾಡ್ದೆ, ಅಜ್ಜಿಯ ಅಮ್ಮಂದು, ಹೇಳ್ದೆ ಮುಚ್ಚಿಟ್ಟೆ. ಅವ್ವ ನಕ್ಕಿದಾಳೆ. "ಉದುರ್ಲಿ ಬಿಡು ಮಾರಾಯ್ತಿ, ಉದುರಿದ್ರೆ ತಾನೇ ಮುಂದಿನ್ ವರ್ಷ ಬಳಿಯೋಕೆ ಜಾಗ ಆಗೋದು. ಹೇಳಿದ್ಯಲ್ಲ, ಮುಗೀತು."

ಅಲ್ಲಿಗೇ ನಿಂತಿದ್ರೆ ಈ ಪ್ರಕರಣವೇ ಇರ್ತಿರ್ಲಿಲ್ಲ. ಪುಟ್ಟಿ ಕೇಳಿದ್ಲು: "ನೀನೂ ಯಾವತ್ತಾದ್ರೂ ಏನಾದ್ರೂ ಮುಚ್ಚಿಟ್ಟಿದ್ಯಾ?"

ಅವ್ವ ಸುಮಾರು ಹೊತ್ತು ಸುಮ್ನಿದ್ದು ಹೇಳಿದ್ಲು. 37 ವರ್ಷ ನಂಗಾಗ್ಲಿ ನಮ್ಮಪ್ಪಂಗಾಗ್ಲಿ ಬಾಯಿಬಿಟ್ಟು ಹೇಳದೆ ಇದ್ದಿದ್ದನ್ನ 11 ವರ್ಷದ ಹುಡುಗಿಗೆ, ಕತ್ತಲಲ್ಲಿ.

1988

ನಮ್ಮಜ್ಜಿ ಕೊನೇ ಆರು ವರ್ಷ ಹಾಸಿಗೆ ಹಿಡಿದಿದ್ಲು. ಅವ್ವ ಹಿರೀ ಮಗಳು, ಅಪ್ಪ ಮನೆಅಳಿಯ, ಹಾಗಾಗಿ ನೋಡ್ಕೊಂಡಿದ್ದೆಲ್ಲ ಅವ್ವನೇ. ಚಿಕ್ಕಿಯನ್ನ ಆಚೆ ದಡಕ್ಕೆ, ಸಾಗರದ ಹತ್ರ ಕೊಟ್ಟಿದ್ದು, ವರ್ಷಕ್ಕೆ ಎರಡು ಮೂರು ಸಲ ಬರ್ತಿದ್ಲು. ಅಜ್ಜಿ ತೀರ್ಕೊಳ್ಳೋದಕ್ಕೆ ಮೂರು ತಿಂಗಳ ಮುಂಚೆ ಒಂದು ಮದುವೇಲಿ ಚಿಕ್ಕಿ ನಾಲ್ಕು ಜನರ ಮುಂದೆ "ಅವ್ವಂಗೆ ಹೊತ್ತಿಗೆ ಸರಿಯಾಗಿ ಗಂಜಿನೂ ಹಾಕಲ್ಲ" ಅಂದುಬಿಟ್ಲು. ಅದು ಅವ್ವನ ಕಿವಿಗೆ ಬಿತ್ತು. ಆರು ವರ್ಷ ತಾಯಿಯ ಹೇಲು ಉಚ್ಚೆ ಬಾಚಿದ ಕೈ, ಎಷ್ಟು ಉರಿದಿರ್ಬೇಕು ನೀವೇ ಯೋಚ್ನೆ ಮಾಡಿ.

ಮಳೆಗಾಲದಲ್ಲಿ ಒಂದು ಸಂಜೆ ಅಜ್ಜಿ ಹೋದ್ಲು. ಲಾಂಚ್ ನಿಂತಾಗಿತ್ತು, ಅದು ನಿಜ. ಬೆಳಗ್ಗೆ ಮೊದಲ ಲಾಂಚಿಗೆ ಪಕ್ಕದ ಮನೆಯೋರು ಒಬ್ರು ಹೊರಟಿದ್ರು, ಸಾಗರಕ್ಕೆ ಹೋಗಿ ಹೇಳಿ ಬರ್ತೀನಿ, ಮಧ್ಯಾಹ್ನದೊಳಗೆ ಕರ್ಕೊಂಡು ಬರ್ತೀನಿ ಅಂತ. ಅವ್ವ ಬೇಡ ಅಂದ್ಲು. "ಅಳೋಕೆ ಮಾತ್ರ ಬರೋರು ಬರೋದು ಬೇಡ." ಮಧ್ಯಾಹ್ನದ ಒಳಗೆ ಕೊಳ್ಳಿ ಇಟ್ಟಾಗಿತ್ತು. ಚಿಕ್ಕಿಗೆ ಗೊತ್ತಾಗಿದ್ದು ಮೂರನೇ ದಿನ, ಸಾಗರದ ಪೇಟೇಲಿ, ಯಾರೋ "ನಿಮ್ಮವ್ವ ಹೋದ್ರಂತಲ್ಲ" ಅಂದಾಗ. ಬಂದು ಕೇಳಿದ್ದಕ್ಕೆ ಎಲ್ರೂ ಹೇಳಿದ್ದು ಒಂದೇ, ಲಾಂಚ್ ಇರ್ಲಿಲ್ಲ.

ಎಲ್ರೂ ಅಂದ್ನಲ್ಲ, ಅದ್ರಲ್ಲಿ ನಾನೂ ಇದ್ದೆ. ನಂಗೂ ಆಗ 11 ವರ್ಷ. ಅಂಗಳದಲ್ಲಿ ಕೊಪ್ಪೆ ಹಾಕ್ಕೊಂಡು ನಿಂತಿದ್ದೆ, ಪಕ್ಕದ ಮನೆಯೋರು ಹೊರಟಿದ್ದೂ ಅವ್ವ ತಡೆದಿದ್ದೂ ಎರಡೂ ನೋಡಿದ್ದೆ. ಚಿಕ್ಕಿ ನನ್ನ ಕಡೆ ತಿರುಗಿ "ಹೌದೇನೋ ತಮ್ಮಾ, ಲಾಂಚ್ ಇರ್ಲಿಲ್ವಾ?" ಅಂದ್ಲು, ನಾನು ಹೂಂ ಅಂದೆ.

ನಾನು ಮಾಡಿದ ತಪ್ಪುಗಳು

ಮಾರನೇ ದಿನ, 5ನೇ ತಾರೀಕು ಭಾನುವಾರ. ಅವತ್ತೂ ಡ್ಯೂಟಿ ಇತ್ತು. ಸಂಜೆ ನಾನು ಮನೆಗೆ ಬಂದಾಗ ಬುಟ್ಟಿ ಅರ್ಧ ಬರೆದು ನಿಂತಿತ್ತು. ಹಿಂದಿನ ದಿನ ಅವ್ವ ಒಂದು ಕಡೆಯಿಂದ, ಪುಟ್ಟಿ ಇನ್ನೊಂದು ಕಡೆಯಿಂದ ಶುರು ಮಾಡಿದ್ರಂತೆ. ಪುಟ್ಟಿ ಅಟ್ಟದ ಮೆಟ್ಟಿಲ ಮೇಲೆ ಕೂತು ಮೊಬೈಲ್ ನೋಡ್ತಿದ್ಲು, ನೆಟ್‌ವರ್ಕ್ ಇಲ್ದೆ ಇರೋ ಮೊಬೈಲಲ್ಲಿ ಏನು ನೋಡ್ತಾರೋ. ಬೆಳಗ್ಗೆಯಿಂದ ದೊಡ್ಡಜ್ಜಿ ಕೈಲಿ ಏನೂ ಇಸ್ಕೊಂಡಿಲ್ಲ, ಬಡಿಸಿದ್ರೆ ತಟ್ಟೆ ತಗೊಂಡೋಗಿ ಅಮ್ಮನ ಹತ್ರ ಹಾಕಿಸ್ಕೊಳ್ಳೋದು. ಎರಡೇ ದಿನದಲ್ಲಿ ಅಷ್ಟು ಹಚ್ಕೊಂಡಿದ್ದ ದೊಡ್ಡಜ್ಜಿ ತನ್ನ ಅಜ್ಜಿಗೆ ಹೀಗೆ ಮಾಡಿದೋಳು ಅಂತ ಗೊತ್ತಾದ್ರೆ ಮಗು ಏನು ಮಾಡ್ಬೇಕು? ಇಬ್ರನ್ನೂ ಇಷ್ಟಪಡೋಕೆ ಆಗಲ್ಲ ಅಂತ ಅದಕ್ಕೆ ಅನ್ಸಿದೆ, ಒಬ್ರನ್ನ ಆರಿಸ್ಕೊಂಡಿದೆ.

ನಾನು ಮೇಷ್ಟ್ರ ಥರ ಶುರು ಮಾಡ್ದೆ. ಮೊದಲು "ಅದೆಲ್ಲ ದೊಡ್ಡೋರ ವಿಷ್ಯ, ನಿಂಗ್ಯಾಕೆ" ಅಂದೆ. ಆಮೇಲೆ "ಪಾಪ ದೊಡ್ಡಜ್ಜಿಗೆ ವಯಸ್ಸಾಗಿದೆ, ಕ್ಷಮಿಸಿಬಿಡ್ಬೇಕು" ಅಂದೆ. ಅದಕ್ಕೂ ಬಗ್ಗದೆ ಇದ್ದಾಗ ತಂಗಿ "ಹೋಗಿ ದೊಡ್ಡಜ್ಜಿ ಕಾಲಿಗೆ ಬಿದ್ದು ಸಾರಿ ಹೇಳು, ಮಾತು ಬಿಟ್ಟಿದ್ದಕ್ಕೆ" ಅಂತ ಗದರಿದ್ಲು. ಪುಟ್ಟಿ ಹೇಳಿದ್ದು ಇಷ್ಟು: "ನಾನ್ಯಾಕೆ ಸಾರಿ ಹೇಳ್ಬೇಕು? ಅವರೇ ಹೇಳಿಲ್ಲ."

ಕ್ಲಾಸಲ್ಲಿ ಇಬ್ರು ಹುಡುಗ್ರು ಹೊಡೆದಾಡಿದ್ರೆ ನಾನು ದಿನಾ ಮಾಡೋದು ಇದೇ ಕಣ್ರೀ. ಕೈ ಕುಲುಕ್ಸಿ, ಸಾರಿ ಹೇಳ್ಸಿ, ಹೋಗಿ ಕೂತ್ಕೊಳ್ಳಿ ಅನ್ನೋದು. ಹೊಡೆದೋನು ಹೊಡೆದೆ ಅಂತ ಒಪ್ಕೊಂಡನೋ ಇಲ್ವೋ ಅಂತ ಯಾವತ್ತೂ ಕಾದು ನೋಡಿದ್ದಿಲ್ಲ, ಬೆಲ್ ಹೊಡೆಯುತ್ತಲ್ಲ.

ರಾತ್ರಿ ಅಂಗಳದಲ್ಲಿ ಕೂರ್ಸಿಕೊಂಡು ನಾನೂ ಹೇಳ್ದೆ. ಅವತ್ತು ನಾನೂ ನೋಡಿದ್ದೆ, ಹೂಂ ಅಂದಿದ್ದೆ ಅಂತ. ಹೇಳೋಕೆ ಮುಂಚೆ ಅಂದ್ಕೊಂಡಿದ್ದೆ, ಇದ್ರಿಂದ ಮಗುಗೆ ದೊಡ್ಡಜ್ಜಿ ಮೇಲಿನ ಸಿಟ್ಟು ಹಗುರ ಆಗುತ್ತೆ ಅಂತ. ಎಲ್ಲಿ ಬಂತು, ನನ್ನ ಮೇಲೂ ಬಂತು. "ನೀನೂನಾ ಮಾವ?" ಅಂದು ಒಳಗೆ ಹೋದ್ಲು. ಆದ್ರೆ ಐದು ನಿಮಿಷಕ್ಕೆ ವಾಪಸ್ ಬಂದು ಕೇಳಿದ್ಲು, "ಅಜ್ಜಿಗೆ ನೀನು ಹೇಳ್ತೀಯಾ ನಾನು ಹೇಳ್ಲಾ?"

ಗುಡ್ಡದ ಮೇಲಿನ ಫೋನು

6ನೇ ತಾರೀಕು ಬೆಳಗ್ಗೆ ಇಬ್ರೂ ಗುಡ್ಡ ಹತ್ತಿದ್ವಿ. ನೆಟ್‌ವರ್ಕ್ ಸಿಗೋದು ಒಂದು ಹುಣಾಲು ಮರದ ಬುಡದಲ್ಲಿ, ಗಣತಿ ಡ್ಯೂಟಿಗೆ ಅದೇ ನನ್ನ ಆಫೀಸು. ಅಲ್ಲಿಂದ ಹಿನ್ನೀರು ಪೂರ್ತಿ ಕಾಣುತ್ತೆ. ಡ್ಯಾಮ್ ತುಂಬೋ ಮಟ್ಟ 1819 ಅಡಿ, ನಮ್ಮೂರಲ್ಲಿ ಚಿಕ್ಕ ಮಕ್ಕಳಿಗೂ ಈ ನಂಬರ್ ಗೊತ್ತು. ಬೇಸಿಗೇಲಾದ್ರೆ ಮರದ ಬೊಡ್ಡೆ, ಹಳೇ ದಾರಿ ಎಲ್ಲ ಎದ್ದು ನಿಲ್ಲುತ್ತೆ, ಅಕ್ಟೋಬರಲ್ಲಿ ಬರೀ ನೀರು. ನಿಮ್ಮಜ್ಜಿ ಹುಟ್ಟಿದ ಮನೆ ಆ ಕಡೆ ಅಂತ ಬೆರಳು ತೋರಿಸ್ದೆ, ಪುಟ್ಟಿ ಮ್ಯಾಪ್ ತೆಗೆದು ಸ್ಯಾಟಲೈಟ್ ವ್ಯೂ ಹಾಕಿ ಝೂಮ್ ಮಾಡಿದ್ಲು, ನೀಲಿ ಬಿಟ್ಟು ಬೇರೆ ಏನೂ ಬರ್ಲಿಲ್ಲ.

ಚಿಕ್ಕಿ ಫೋನ್ ಎತ್ತಿದ್ಲು. ನಾನು ಪೀಠಿಕೆ ಏನೂ ಹಾಕದೆ ಹೇಳ್ದೆ, ಚಿಕ್ಕಿ, ಅವತ್ತು ಬೆಳಗ್ಗೆ ಲಾಂಚ್ ಇತ್ತು, ನಾನು ನೋಡಿದ್ದೆ, ನಿನ್ನ ಹತ್ರ ಸುಳ್ಳು ಹೇಳ್ದೆ.

ಆ ಕಡೆಯಿಂದ ಕುಕ್ಕರ್ ಸೀಟಿ ಕೇಳಿಸ್ತು. ಆಮೇಲೆ ಚಿಕ್ಕಿ, "ನಂಗೆ ಗೊತ್ತು ಮಾರಾಯ. ಅದೇ ವಾರ ಲಾಂಚಿನೋರೇ ಹೇಳಿದ್ರು, ಅವತ್ತು ಒಂದ್ ಟ್ರಿಪ್ಪೂ ತಪ್ಪಿಲ್ಲ ಅಂತ. ನಿಮ್ಮನೇಲಿ ಒಬ್ರಾದ್ರೂ ಹೇಳ್ತೀರೇನೋ ಅಂತ ಕಾಯ್ತಿದ್ದೆ."

ನಂಗೆ ಕಾಲು ನಡುಗಿ ಅಲ್ಲೇ ಕಲ್ಲಿನ ಮೇಲೆ ಕೂತೆ. ಇಡೀ ಮನೆ ಸೇರಿ 37 ವರ್ಷ ಕಾಪಾಡಿದ ಸುಳ್ಳು, ಯಾರಿಂದ ಮುಚ್ಚಿಟ್ಟಿದ್ವೋ ಅವಳಿಗೆ ಮೊದಲ ವಾರವೇ ಗೊತ್ತಿತ್ತು. ಅಂದ್ರೆ ಅವಳನ್ನ ಕಳ್ಕೊಂಡಿದ್ದು ಅಜ್ಜಿ ಸತ್ತ ದಿನ ಅಲ್ಲ, ಆಮೇಲಿನ ಪ್ರತಿ ದಿನ.

ಪುಟ್ಟಿ ಫೋನ್ ಇಸ್ಕೊಂಡು ನಾನು ದೊಡ್ಡಜ್ಜಿ ಜೊತೆ ಟೂ ಬಿಟ್ಟಿದೀನಿ ಅಜ್ಜಿ, ನಿನ್ನ ಪರವಾಗಿ, ಅಂದ್ಲು. ಸ್ಪೀಕರಲ್ಲಿತ್ತು, ಚಿಕ್ಕಿ ಹೇಳಿದ್ದನ್ನ ಆದಷ್ಟು ಹಾಗೇ ಬರೀತೀನಿ: "ಆ ಸಿಟ್ಟು ನಂದು, ನೀನ್ಯಾಕೆ ಹೊತ್ಕೋತೀಯಾ? ನಾನು ಬೇಕಾದ್ರೆ ಇಟ್ಕೋತೀನಿ, ಬೇಕಾದ್ರೆ ಬಿಡ್ತೀನಿ. ನಿಂಗೆ ಅವಳು ಏನು ಮಾಡಿದಾಳೆ, ಬುಟ್ಟಿ ಬರೆಯೋಕೆ ಕಲ್ಸಿದಾಳೆ, ಅಲ್ವಾ? ಹೋಗಿ ಮುಗ್ಸು. ಎಳೆ ಎಷ್ಟು ಹಾಕ್ತಿದೀಯಾ?"

"ಐದು. ನೀನು ಪೇಪರಲ್ಲಿ ಹಾಕೋ ಥರ. ದೊಡ್ಡಜ್ಜಿ ಮೂರು ಹಾಕಿದಾರೆ."

"ಮೂರಾ?" ಚಿಕ್ಕಿ ದನಿ ಏರಿತು. "ಅವ್ವಂದು ಐದೆಳೆ."

ಈ ಎಳೆ ವಿಷಯ ಸ್ವಲ್ಪ ಹೇಳ್ಬೇಕು. ಚಿತ್ತಾರದಲ್ಲಿ ಜೀವ ಇರೋದೇ ಎಳೇಲಿ. ಮೂರೆಳೆ, ಐದೆಳೆ ಅಂತ ಹೇಳ್ತಾರೆ, ಎಳೆ ಜಾಸ್ತಿ ಆದಷ್ಟೂ ಕೈ ಗಟ್ಟಿ ಇರ್ಬೇಕು, ಒಂದಕ್ಕೊಂದು ತಾಗದೆ ಒಂದರ ಕೆಳಗೊಂದು ಹೋಗ್ಬೇಕು. ನಮ್ಮಜ್ಜಿ ಊರಿಗೇ ಚಿತ್ತಾರಗಿತ್ತಿ. ಅವ್ವ ಕಣ್ಣಿಗೆ ಪೊರೆ ಬಂದ ಮೇಲೆ ಯಾವಾಗ್ಲೋ ಐದನ್ನ ಮೂರಕ್ಕೆ ಇಳಿಸಿದ್ಲು, ಆಪರೇಷನ್ ಆದ್ಮೇಲೂ ಮೂರಲ್ಲೇ ನಿಂತ್ಲು. ನನ್ನ ಹೆಂಡ್ತಿ ಕಲಿತಿದ್ದು ಅವ್ವನ ಹತ್ರ, ಅವಳಿಗೂ ಮೂರೇ. ನಮ್ಮನೆ ಐದೆಳೆ ಉಳಿದಿದ್ದು ಮನೆಯಲ್ಲಲ್ಲ, ಮನೆ ಬಿಟ್ಟು ಹೋದೋಳ ಪೇಪರ್ ಅಂಚಲ್ಲಿ. ಪುಟ್ಟಿ 4ನೇ ತಾರೀಕು ತನ್ನ ಪಾಲಿಗೆ ಐದು ಎಳೆಯೋದು ನೋಡಿ ಅವ್ವ ನಾರು ಕೆಳಗಿಟ್ಟು ಎದ್ದು ಹೋಗಿ ಮುಖ ತೊಳ್ಕೊಂಡು ಬಂದಿದ್ಲಂತೆ, ಪುಟ್ಟಿಗೆ ಆಗ ಅರ್ಥ ಆಗಿರ್ಲಿಲ್ಲ.

ಗುಡ್ಡ ಇಳಿದು ಬಂದು ಪುಟ್ಟಿ ಬುಟ್ಟಿ ಮುಂದೆ ಕೂತ್ಲು. ದೊಡ್ಡಜ್ಜಿ ಹತ್ರ ಮಾತು ಇಲ್ಲ, ಆದ್ರೆ ಕೂತ್ಲು. ಅವ್ವ ತನ್ನ ಪಾಲು ಮುಗಿಸಿ ಪುಟ್ಟಿಯ ಪಾಲನ್ನ ಹಾಗೇ ಬಿಟ್ಟಿದ್ಲು. ಹಿಟ್ಟು ಗಟ್ಟಿಯಾಗಿತ್ತು, ಸ್ವಲ್ಪ ನೀರು ಬೇಕು ಅಂತ ಪುಟ್ಟಿ ಯಾರಿಗೂ ಅಲ್ಲದ ಹಾಗೆ ಅಂದ್ಲು, ಅವ್ವ ಚೊಂಬು ತಂದಿಟ್ಲು.

ಹುಣ್ಣಿಮೆ ರಾತ್ರಿ

ಸಂಜೆ ಏಳಕ್ಕೆ ಅಂಗಳದಲ್ಲಿ ಆಟೋ ನಿಂತ ಸದ್ದು. ಸಾಗರದಿಂದ ಆಟೋ ಮಾಡ್ಕೊಂಡು, ಸೇತುವೆ ದಾಟಿ. ಚಿಕ್ಕಿ ಇಳಿದ್ಲು, ಮೊಣಕಾಲು ನೋವು ಮಾತ್ರ ನಿಜ, ಕುಂಟ್ತಿದ್ಲು. ನಾನೇನೋ ಇಬ್ರೂ ತಬ್ಕೊಂಡು ಅಳ್ತಾರೆ ಅಂತ ಬಾಗಿಲಲ್ಲಿ ನಿಂತಿದ್ದೆ. ಸೀರಿಯಲ್ ನೋಡಿ ನೋಡಿ ನಮ್ಗೂ ಹಾಗೇ ಆಗಿದೆ. ಅವ್ವ ಒಲೆ ಮುಂದಿಂದ ಏಳ್ಲಿಲ್ಲ. ಸೌತೆಕಾಯಿ ಕಡುಬಿನ ಹಿಟ್ಟು ಎಲೆಗೆ ಹಾಕ್ತಿದ್ದೋಳು ತಲೆ ಎತ್ತದೇ ಹೇಳಿದ್ಲು:

"ಅವತ್ತು ಲಾಂಚ್ ಇತ್ತು. ನಾನೇ ಬೇಡ ಅಂದೆ. ನೀನು ಮದುವೆ ಮನೇಲಿ ಆಡಿದ್ದಕ್ಕೆ."

ಚಿಕ್ಕಿ ಕಂಬ ಹಿಡ್ಕೊಂಡು ನಿಂತಿದ್ಲು. ನಾನು ಆಡಿದ್ದೂ ತಪ್ಪು ಅಂತಾಳೇನೋ ಅಂದ್ಕೊಂಡೆ, ಅನ್ಲಿಲ್ಲ. ಅವಳು ಕೇಳಿದ್ದು ಬೇರೆ. "ಅವ್ವ ಕಡೇಗೆ ನನ್ ಹೆಸ್ರು ಕರದ್ಲಾ?"

"ಕರದ್ಲು," ಅಂದ್ಲು ಅವ್ವ. "ಎರಡ್ ಸಲ."

ಚಿಕ್ಕಿ ಹಿತ್ತಲಿಗೆ ಹೋದ್ಲು. ಒಂದು ಗಂಟೆ ಮೇಲೇ ಆಯ್ತು. ತಂಗಿ ಹೋಗೋಕೆ ಎದ್ರೆ ನಾನು ಬೇಡ ಅಂದೆ, ಈ ಸಲವಾದ್ರೂ ಬಾಯಿ ಮುಚ್ಕೊಂಡು ಕೂರೋಣ ಅಂತ. ಪುಟ್ಟಿ ಮಾತ್ರ ಯಾರನ್ನೂ ಕೇಳದೆ ಚಾಪೆ ತಗೊಂಡು ಹೋಗಿ ಪಕ್ಕ ಕೂತ್ಲು. ಏನು ಮಾತಾಡಿದ್ರು ಅಂದ್ರೆ ಏನೂ ಇಲ್ಲ ಮಾವ, ಅಜ್ಜಿ ಅತ್ರು, ಸೊಳ್ಳೆ ಇತ್ತು ಅಂದ್ಲು.

ಇಲ್ಲೊಂದು ಮಾತು. ನಿಜ ಹೇಳಿದ್ರಿಂದ ಚಿಕ್ಕಿಗೆ ಹಗುರ ಆಗ್ಲಿಲ್ಲ, ಭಾರ ಆಯ್ತು. ಲಾಂಚ್ ಇರ್ಲಿಲ್ಲ ಅನ್ನೋದು ಸುಳ್ಳು ಅಂತ ಗೊತ್ತಿತ್ತು, ತಾಯಿ ಹೆಸ್ರು ಹಿಡ್ದು ಕರೆದದ್ದು ಗೊತ್ತಿರ್ಲಿಲ್ಲ. ಇಷ್ಟು ವರ್ಷ ನಾವು "ಹಳೇದೆಲ್ಲ ಬಿಟ್ಟುಬಿಡಿ, ಒಂದಾಗಿ" ಅಂತ ಇಬ್ರಿಗೂ ಹೇಳ್ತಾನೇ ಬಂದ್ವಿ. ಬಿಡೋಕೆ ಕೈಲಿ ಏನಾದ್ರೂ ಇರ್ಬೇಕಲ್ಲ. ತಪ್ಪೇ ನಡೆದಿಲ್ಲ ಅಂತ ನಾವು ಸಾಧಿಸ್ತಿದ್ರೆ ಅವಳು ಯಾವುದನ್ನ ಅಂತ ಕ್ಷಮಿಸ್ಬೇಕಿತ್ತು? ತಪ್ಪನ್ನೆಲ್ಲ ನೀರಿನ ತಲೆಗೆ ಕಟ್ಟಿದ್ವಿ, ನೀರಿನ ಜೊತೆ ಯಾರು ರಾಜಿ ಆಗ್ತಾರೆ.

ಒಂಬತ್ತು ಗಂಟೆ ಹೊತ್ತಿಗೆ ಚಿಕ್ಕಿ ಒಳಗೆ ಬಂದು ಕೈಕಾಲು ತೊಳೆದು, ಸೊಪ್ಪು ಹೆಚ್ಚೋಕೆ ಕೂತ್ಲು. ಆ ರಾತ್ರಿ ಸಿಕ್ಕಿದ ಸೊಪ್ಪಿನ ಕುಡಿ ಎಲ್ಲ ಸೇರಿಸಿ ಬೇಯಿಸ್ಬೇಕು, ಕೆಲಸ ಕಮ್ಮಿ ಏನಿಲ್ಲ. ನಡುವೆ ಬುಟ್ಟಿ ಕಡೆ ಕಣ್ಣು ಹೋಯ್ತು. ಒಂದು ಅರ್ಧ ಮೂರೆಳೆ, ಒಂದು ಅರ್ಧ ಐದೆಳೆ, ಕೂಡೋ ಜಾಗದಲ್ಲಿ ಎರಡೆಳೆ ಎಲ್ಲೂ ಸೇರದೆ ಬಾಯಿ ಬಿಟ್ಕೊಂಡು ನಿಂತಿತ್ತು, ಪುಟ್ಟಿಗೆ ಏನು ಮಾಡ್ಬೇಕೋ ಗೊತ್ತಾಗಿರ್ಲಿಲ್ಲ. ಚಿಕ್ಕಿ ನಾರು ತಗೊಂಡು ಆ ಎರಡೆಳೆನ ಮೇಲಕ್ಕೆ ಬಾಗ್ಸಿ ಒಂದಕ್ಕೊಂದು ಸೇರ್ಸಿ ಒಂದು ಸಣ್ಣ ಕುಣಿಕೆ ಮಾಡಿ ಮುಗಿಸಿದ್ಲು, ಅಲ್ಲಿಂದ ಮುಂದೆ ಮೂರು ಎಳೆ ತಾನಾಗೇ ಹೊರಟ ಹಾಗೆ. ಅರ್ಧ ನಿಮಿಷದ ಕೆಲಸ. "ಕೈ ನಡುಗುತ್ತೆ ನಂಗೂ" ಅಂದ್ಲು, ಯಾರಿಗೆ ಅಂದಿದ್ದೋ. ಅವ್ವ "ಹೂಂ" ಅಂದ್ಲು.

ಬೆಳಗಿನ ಜಾವ ನಾನು ಬುಟ್ಟಿ ಹೊತ್ತೆ. ಪುಟ್ಟಿ ಚಿಕ್ಕ ಬುಟ್ಟಿ ನಾನೇ ತರ್ತೀನಿ ಅಂತ ಹಠ, ಹುಡುಗೀರು ಬರೋದು ಪದ್ಧತಿ ಅಲ್ಲ ಅಂತ ಯಾರೋ ಅಂದ್ರು, ಅವ್ವ ಬರ್ಲಿ ಬಿಡು ಅಂದ್ಲು. ಅಚ್ಚಂಬಲಿ ಅಂತ ಕೂಗ್ತಾ ಬೇಲಿ ಅಂಚಿಗೆಲ್ಲ ಸೊಪ್ಪಿನ ಅನ್ನ ಬೀರಿದ್ವಿ, ಪೂಜೆ ಆಯ್ತು, ಕಾಗೆಗೆ ಇಲಿಗೆ ಎಡೆ ಇಟ್ವಿ. ನಮ್ಮನೇಲಿ ಒಂದು ಕಡುಬನ್ನ ಗದ್ದೆಯ ಮಣ್ಣಲ್ಲಿ ಹೂತು ಕೊಯ್ಲಿಗೆ ತೆಗೀತಾರೆ. ಗುಂಡಿ ತೋಡಿದ್ದು ಪುಟ್ಟಿ.

ಆಮೇಲೆ

ಚಿಕ್ಕಿ ಅವತ್ತೇ ಮಧ್ಯಾಹ್ನ ಹೊರಟ್ಲು. ಇನ್ನೆರಡು ದಿನ ಇರು ಅಂತ ಅವ್ವ ಹೇಳ್ಲಿಲ್ಲ, ಇರ್ತೀನಿ ಅಂತ ಇವಳೂ ಅನ್ಲಿಲ್ಲ. ಕ್ಷಮೆ ಅನ್ನೋ ಪದ ಆ ಮನೇಲಿ ಯಾರ ಬಾಯಲ್ಲೂ ಬರ್ಲಿಲ್ಲ, ನಾನೊಬ್ಬ ಬಿಟ್ಟು. ನಮ್ಮ ಸರ್ಕಾರಿ ಶಾಲೆಗಳಿಗೆ ದಸರಾ ರಜೆ ಸಮೀಕ್ಷೆಗೋಸ್ಕರ 18ರವರೆಗೆ ಮುಂದೆ ಹೋಯ್ತು, ಪುಟ್ಟಿಯ ಸ್ಕೂಲು ಅಷ್ಟೊತ್ತಿಗೆ ಶುರುವಾಗಿತ್ತು, ಅವರೂ ಹೋದ್ರು. ಹೊರಡೋ ಮುಂಚೆ ಪುಟ್ಟಿ ದೊಡ್ಡಜ್ಜಿ ಹತ್ರ ಹೋಗಿ ಚಕ್ಕೆ ನಾನಿಟ್ಕೊಳ್ಲಾ ಅಂತ ಕೇಳಿ, ಹೂಂ ಅನ್ನಿಸ್ಕೊಂಡು ತಗೊಂಡೋದ್ಲು. ನನ್ನ ಮೇಲಿನ ಸಿಟ್ಟು ಇನ್ನೂ ಸ್ವಲ್ಪ ಇದೆ ಅನ್ಸುತ್ತೆ, ಮೆಸೇಜಿಗೆ ಒಂದೊಂದೇ ಪದದಲ್ಲಿ ಉತ್ತರ.

ಈಗ ಭಾನುವಾರ ಭಾನುವಾರ ಚಿಕ್ಕಿ ಫೋನ್ ಮಾಡ್ತಾಳೆ. ಮನೆಗೆ ವೈಫೈ ಹಾಕಿಸಿದೀನಿ, ಗುಡ್ಡ ಹತ್ತೋದು ತಪ್ತು. ಅಕ್ಕ ತಂಗಿ ಹತ್ತು ನಿಮಿಷ ಮಾತಾಡಿದ್ರೆ ಏಳು ನಿಮಿಷ ಜಗಳ, ಅಜ್ಜಿ ಬಾಸಿಂಗ ಹೇಗೆ ಬರೀತಿದ್ಲು, ಮುಳುಗಡೆ ಮನೇಲಿ ಬಾವಿ ಎಡಗಡೆ ಇತ್ತೋ ಬಲಗಡೆ ಇತ್ತೋ ಅಂತ. 1988ರ ವಿಷಯ ಮತ್ತೆ ಬಂದಿಲ್ಲ. ಒಂದ್ಸಲ ಮಾತ್ರ ಚಿಕ್ಕಿ ನಡುವೆ ಇದ್ದಕ್ಕಿದ್ದ ಹಾಗೆ ಸುಮ್ಮನಾಗಿ ಫೋನ್ ಇಟ್ಲು, ಅವ್ವ ಅರ್ಧ ಗಂಟೆ ಹಾಗೇ ಕೂತಿದ್ಲು, ಮುಂದಿನ ಭಾನುವಾರ ಮತ್ತೆ ಫೋನ್ ಬಂತು.

ಕೊಯ್ಲಿಗೆ ಚಿಕ್ಕಿ ಬರ್ಲಿಲ್ಲ, ಮೊಣಕಾಲು. ಹೂತಿಟ್ಟ ಕಡುಬು ತೆಗೆದ್ವಿ, ಅರ್ಧ ಮಣ್ಣಾಗಿತ್ತು, ಉಳಿದಿದ್ದನ್ನ ಚೂರು ಚೂರು ಎಲ್ರೂ ಬಾಯಿಗೆ ಹಾಕ್ಕೊಂಡ್ವಿ. ಅವ್ವ ಒಂದು ಚೂರನ್ನ ಬಾಳೆ ಎಲೇಲಿ ಸುತ್ತಿ, ಜೊತೆಗೆ ಹೊಸ ಅಕ್ಕಿ ಎರಡು ಸೇರು ಕಟ್ಟಿ, ಮೇಲೆ ಚಿಕ್ಕಿ ಹೆಸರು ಬರಿ ಅಂದ್ಲು. ಬರೆದೆ. ಬೆಂಗಳೂರಿಗೆ ಹೋಗೋ ಬಸ್ಸಿನ ಕಂಡಕ್ಟರ್ ಕೈಲಿ ಕೊಟ್ಟು, ಬಸ್ ನಂಬರ್ ತಂಗಿಗೆ ಮೆಸೇಜ್ ಹಾಕಿದೀನಿ.